ಅಜ್ಜಿಯ ಅವರೆಗೆ ವ್ಯಾಗನ್ ಬೂದಿ

ನಮ್ಮ ಅಪಾರ್ಟ್‌ಮೆಂಟ್ ಎದುರಿಗೆ ಇನ್ನೊಂದು ಅಪಾರ್ಟ್‌ಮೆಂಟ್ ಏಳುತ್ತಿದೆ. ಕುಂದಲಹಳ್ಳಿಯಲ್ಲಿ ಇನ್ನೇನು ಏಳಬೇಕು ಹೇಳಿ. ಮೊನ್ನೆ ಅಲ್ಲಿ ಸಿಮೆಂಟಿನ ಟ್ಯಾಂಕರ್ ಬಂದು ನಿಂತು ಗಾಳಿ ಬಿಟ್ಟಿತು. ಬುಸ್ಸೆಂದು ಶುರುವಾಗಿ, ಆಮೇಲೆ ಒಂದೇ ಸಮನೆ ಉಸಿರು ಬಿಡುವಂಥ ಸದ್ದು. ಕೈಯಲ್ಲಿದ್ದ ಕಾಫಿ ಆರಿಹೋಗುವವರೆಗೂ ಬಾಲ್ಕನಿಯಲ್ಲೇ ನಿಂತಿದ್ದೆ. ಆ ಸದ್ದು ಕೇಳಿಕೊಂಡೇ ಬೆಳೆದವಳು ನಾನು. ನೀವೂ ಈ ಕಡೆಯವರಾದರೆ, ರೈಲು ಹಳಿಯ ಪಕ್ಕದಲ್ಲೇ ರಾಗಿ ಹೊಲಗಳಿದ್ದದ್ದು ನಿಮಗೂ ನೆನಪಿದ್ದೀತು.

ಹಳಿಯ ಪಕ್ಕದ ಗೂಡ್ಸ್ ಯಾರ್ಡಿನಲ್ಲಿ ಅಪ್ಪನಿಗೆ ಕೆಲಸ. ಅಲ್ಲಿಗೆ ಬರುತ್ತಿದ್ದ ವ್ಯಾಗನ್ನುಗಳು ಬೇರೆ ಗೂಡ್ಸ್ ಗಾಡಿಗಳ ಹಾಗಿರಲಿಲ್ಲ. ಬಾಗಿಲಿಲ್ಲ, ಕಿಟಕಿಯಿಲ್ಲ. ಮೇಲೆ ದುಂಡಗಿನ ಮುಚ್ಚಳ, ಕೆಳಗೆ ಜೋತುಬಿದ್ದ ಹೊಟ್ಟೆ. ಅಜ್ಜಿ ಅವನ್ನು ‘ಗಬ್ಬದ ಎಮ್ಮೆಗಳು’ ಅನ್ನುತ್ತಿದ್ದಳು. ಕೆಲವು ದಿನ ಅವುಗಳಲ್ಲಿ ಸಿಮೆಂಟ್ ಬರುತ್ತಿತ್ತು, ಕೆಲವು ದಿನ ಕಲ್ಲಿದ್ದಲು ಸುಟ್ಟ ಬೂದಿ. ಅಪ್ಪ ಹೊಟ್ಟೆಗೆ ಪೈಪು ಸಿಕ್ಕಿಸಿ ಗಾಳಿ ಕೊಟ್ಟರೆ ಒಳಗಿನ ಪುಡಿ ನೀರಿನ ಹಾಗೆ ಹರಿಯುತ್ತಿತ್ತು. ಭಾನುವಾರ ನನ್ನನ್ನೂ ಕರೆದುಕೊಂಡು ಹೋಗಿ, ನನ್ನ ಅಂಗೈಯನ್ನು ವ್ಯಾಗನ್ನಿಗೆ ಒತ್ತಿ ಹಿಡಿಯುತ್ತಿದ್ದ. ಬಿಸಿಲಿಗೆ ಕಾದ ಕಬ್ಬಿಣ ಸಣ್ಣಗೆ ನಡುಗುತ್ತಿತ್ತು. ಎರಡೂ ಪುಡಿ ನೋಡಲು ಒಂದೇ ಬೂದುಬಣ್ಣ. ಅಪ್ಪ ಮಾತ್ರ ಬೆರಳಲ್ಲಿ ತಿಕ್ಕಿ ಇದು ಇಂಥದ್ದು ಅಂತ ಹೇಳಿಬಿಡುತ್ತಿದ್ದ. ನನಗೂ ಬರುತ್ತೆ ಅಂತ ನಾನು ಕೇರಿಯಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದೆ.

ನಮ್ಮ ಹೊಲ ಬಹುಪಾಲು ಮಾರಿಹೋಗಿ ಅರ್ಧ ಎಕರೆ ಉಳಿದಿತ್ತು. ಅದರಲ್ಲಿ ಅಜ್ಜಿ ಬೆಳೆಯುತ್ತಿದ್ದುದು ತವರಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದ ಅವರೆಯ ತಳಿ. ಅದರ ಸೊಗಡು ಅಂಗೈಗೆ ಹತ್ತಿದರೆ ಎರಡು ದಿನ ಹೋಗುತ್ತಿರಲಿಲ್ಲ. ವರ್ಷವರ್ಷವೂ ಬಿತ್ತನೆಬೀಜಕ್ಕೆ ಒಲೆಯ ಬೂದಿ ಬೆರೆಸಿ, ಮಡಕೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತುವುದು ಅವಳ ಪದ್ಧತಿ. ಹಾಗಿಟ್ಟರೆ ಹುಳ ಬೀಳದು. ಆದರೆ ಆ ವರ್ಷ ಮನೆಗೆ ಗ್ಯಾಸ್ ಬಂದು ಒಲೆಯೇ ಹೋಗಿತ್ತು. ಬೂದಿ ಎಲ್ಲಿಂದ ತರುವುದು? ಅಪ್ಪ ಯಾರ್ಡಿನಲ್ಲಿ ಚೆಲ್ಲಿದ್ದ ಬೂದಿಯನ್ನು ಒಂದು ಡಬ್ಬಕ್ಕೆ ತುಂಬಿಕೊಂಡು ಬಂದ. ಬಟ್ಟೆ ಒಗೆಯುವ ಕಲ್ಲಿನ ಬಿರುಕು ಮೆತ್ತಲು ಇನ್ನೊಂದು ಡಬ್ಬದಲ್ಲಿ ಸಿಮೆಂಟೂ ತಂದಿಟ್ಟಿದ್ದ.

ಅಜ್ಜಿಗೆ ಕಣ್ಣು ಮಂಜಾಗಿತ್ತು. “ಯಾವ್ದು ಮಗ ಬೂದಿ?” ಅಂತ ನನ್ನನ್ನು ಕೇಳಿದಳು. ನಾನು ಎರಡನ್ನೂ ಬೆರಳಲ್ಲಿ ತಿಕ್ಕಿ, ಅಪ್ಪನ ಹಾಗೆಯೇ ಹುಬ್ಬು ಗಂಟಿಕ್ಕಿ, ಒಂದನ್ನು ತೋರಿಸಿದೆ. ಅಜ್ಜಿ ಅದನ್ನೇ ಬೀಜಕ್ಕೆ ಬೆರೆಸಿ, ಮಡಕೆಯನ್ನು ಬಚ್ಚಲ ಗೋಡೆಗೆ ಒರಗಿಸಿಟ್ಟಳು.

ಮಳೆಗಾಲದಲ್ಲಿ ಬಿತ್ತಲು ಮಡಕೆ ತೆಗೆದರೆ ಕೈ ಒಳಗಿಳಿಯಲಿಲ್ಲ. ಬಚ್ಚಲ ಗೋಡೆಯ ತೇವ ಕುಡಿದು ಸಿಮೆಂಟು ಒಳಗೆಲ್ಲ ಕಲ್ಲಾಗಿತ್ತು. ಅಪ್ಪ ಮಡಕೆ ಒಡೆದ. ಮಡಕೆಯದೇ ಆಕಾರದ ಬಂಡೆ, ಅದರ ತುಂಬ ಹೂತುಹೋದ ಅವರೆಕಾಳು. ಸುತ್ತಿಗೆಯಲ್ಲಿ ಬಡಿದು ಬಿಡಿಸಲು ನೋಡಿದ. ಒಂದು ಕಾಳೂ ಇಡಿಯಾಗಿ ಬರಲಿಲ್ಲ. ಆ ತಳಿಯ ಬೀಜ ಬೇರೆ ಯಾರ ಹತ್ತಿರವೂ ಇರಲಿಲ್ಲ.

“ಯಾರು ಮಾಡಿದ್ದಿದು?” ಅಂತ ಅಪ್ಪ ಕೂಗಿದ. ನಾನು ಬಾಗಿಲ ಹಿಂದೆ ಅವಿತು ನಿಂತಿದ್ದೆ.

“ನಾನೇ ಕಣೋ,” ಅಂದಳು ಅಜ್ಜಿ. “ಕಣ್ ಕಾಣ್ದೆ ಕೈಗ್ ಸಿಕ್ಕಿದ್ ಡಬ್ಬ ತಕೊಂಡ್ಬಿಟ್ಟೆ.”

ಮಾರನೆಯ ವರ್ಷ ಆ ಅರ್ಧ ಎಕರೆಯೂ ಸೈಟುಗಳಾಯಿತು. ಪ್ರತಿ ಚಳಿಗಾಲದಲ್ಲೂ ಅಂಗಡಿಯ ಅವರೆ ತಿನ್ನುತ್ತ ಅಪ್ಪ ಅಜ್ಜಿಯನ್ನು ರೇಗಿಸುತ್ತಿದ್ದ: “ನಮ್ಮವ್ವ ಅವರೆಕಾಳಲ್ಲಿ ತಾರಸಿ ಮೋಲ್ಡ್ ಹಾಕಿದೋಳು ಕಣ್ರೋ.” ಅಜ್ಜಿ ಬೊಚ್ಚುಬಾಯಲ್ಲಿ ನಕ್ಕು ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಿದ್ದಳು. ಆಗಲೂ ನಿಜ ಹೇಳಲಿಲ್ಲ, ಅಂಥ ಹೇಡಿ ನಾನು.

ಅಜ್ಜಿ ಹೋದದ್ದೂ ಅವರೆಯ ಕಾಲದಲ್ಲೇ. ತಿಥಿಯ ದಿನ ಅವಳ ಫೋಟೋ ಮುಂದೆ ಎಡೆ ಇಡುತ್ತ ಅಪ್ಪ ನೆಂಟರಿಗೆಲ್ಲ ಅದೇ ಕತೆ ಹೇಳಿ ನಗಿಸಿದ. ಎಲ್ಲರೂ ನಗುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ.

“ಅಜ್ಜಿ ಅಲ್ಲಪ್ಪ. ಡಬ್ಬ ತೋರ್ಸಿದ್ದು ನಾನು.”

ಅಪ್ಪ ನನ್ನನ್ನು ಬೈಯಲಿಲ್ಲ. ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಹಾಕಿ ಫೋಟೋ ಕಡೆ ತಿರುಗಿದ.

“ಒಂದ್ ಮಾತು ಹೇಳ್ಬಾರ್ದಿತ್ತೇನವ್ವ,” ಅಂದ. “ಇಷ್ಟು ವರ್ಷ ನಿನ್ನ ಆಡ್ಕೊಂಡೆನಲ್ಲ.”