ಅಕ್ಕನ ಕೈಪಟ್ಟಿ ನಡುಗಿದಾಗ

ಬೈಂಡಿಂಗ್ ಅಕ್ಕನ ಮನೆಯಲ್ಲಿ ಒಂದು ನಿಯಮವಿತ್ತು. ಮಾತಾಡಬೇಕೆಂದರೆ ಮೊದಲು ಮುಖ ತೋರಿಸಬೇಕು. ಬೆನ್ನು ತಿರುಗಿಸಿಕೊಂಡು ಏನು ಹೇಳಿದರೂ ಅದು ಹೇಳಿದ್ದರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಚಿಕ್ಕ ಹುಡುಗಿಯಾಗಿದ್ದಾಗ ಜ್ವರ ಬಂದು ಅಕ್ಕನ ಕಿವಿ ಪೂರ್ತಿ ಹೋಗಿತ್ತು. ಅಷ್ಟರೊಳಗೆ ಕಲಿತಿದ್ದ ಮಾತು ಮಾತ್ರ ಬಾಯಲ್ಲಿ ಉಳಿದಿತ್ತು, ಏರಿಳಿತವಿಲ್ಲದೆ, ಸ್ವಲ್ಪ ಜೋರಾಗಿ. ಎದುರಿನವರು ಹೇಳಿದ್ದನ್ನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ನಾನೋ ಬಾಯೊಳಗೇ ಗೊಣಗುವವಳು. ಮೊದಲ ದಿನವೇ ನನ್ನ ಗಲ್ಲ ಹಿಡಿದೆತ್ತಿ, "ಬಾಯಲ್ಲಿ ಏನಿಟ್ಕೊಂಡಿದೀಯ? ಉಗುಳಿ ಬಂದು ಮಾತಾಡು" ಅಂದಳು. ಸಿಟ್ಟು ಬಂತು. ಆದರೆ ಆಮೇಲೆ ಕಾಲೇಜಿನಲ್ಲೂ ನನ್ನ ಮಾತು ಎಲ್ಲರಿಗೂ ಅರ್ಥವಾಗತೊಡಗಿತು.

ನಮ್ಮದು ಅಂಗವಿಕಲರಿಗೆ ಬೇಕಾದ ಸಾಧನಗಳನ್ನು ವಿನ್ಯಾಸ ಮಾಡಲು ಕಲಿಸುವ ತರಗತಿ. ಇಬ್ಬಿಬ್ಬರಿಗೆ ಒಬ್ಬೊಬ್ಬರನ್ನು ಗೊತ್ತುಮಾಡುತ್ತಿದ್ದರು. ಅವರ ಮನೆಗೆ ಹೋಗಬೇಕು, ಅವರಿಗೆ ಬೇಕಾದದ್ದನ್ನು ಮಾಡಿಕೊಡಬೇಕು. ನನ್ನ ಜೊತೆಗಾರನನ್ನು ಎಲ್ಲರೂ ಕರೆಯುತ್ತಿದ್ದದ್ದು ಸುಟ್ಟಬೆರಳು ಅಂತ. ಬೆಸುಗೆ ಹಾಕುವಾಗ ಅವನ ಬೆರಳು ಸುಡದೆ ಇದ್ದರೆ ಆವತ್ತು ಲ್ಯಾಬಿಗೆ ರಜೆ ಎಂದೇ ಅರ್ಥ. ನಾವಿಬ್ಬರೂ ಸೇರಿ, ಎದುರಿನವರ ಮಾತು ಅಕ್ಷರವಾಗಿ ಮೂಡುವ ಕನ್ನಡಕದ ಚಿತ್ರ ಬರೆದುಕೊಂಡು ಬಹಳ ಜಂಬದಿಂದ ಅಕ್ಕನ ಮನೆಗೆ ಹೋದೆವು. ಅಕ್ಕ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಚೆನ್ನಾಗಿದೆ. ಯಾರಿಗಿದು?"

"ನಿಮಗೇ ಅಕ್ಕ."

"ನಂಗೆ ಬೇಡ. ಜನ ಆಡೋ ಮಾತೆಲ್ಲ ಓದ್ತಾ ಕೂತ್ರೆ ನನ್ನ ಕೆಲಸ ಯಾರು ಮಾಡ್ತಾರೆ? ಅತ್ತೆ ಕರೆದಾಗ ಗೊತ್ತಾಗ್ಬೇಕು. ಅಷ್ಟು ಮಾಡ್ಕೊಡಿ ಸಾಕು."

ಅವಳು ದಿನವಿಡೀ ಮುಂದಿನ ಕೋಣೆಯಲ್ಲಿ ಪುಸ್ತಕ ಕಟ್ಟುತ್ತಿದ್ದಳು. ಒಂದು ಉದ್ದನೆಯ ಮೇಜು, ಕಬ್ಬಿಣದ ಒತ್ತುಯಂತ್ರ, ನೆಲದ ತುಂಬ ಹೊಲಿಗೆಗೆ ಕಾದಿರುವ ಹಾಳೆಗಳ ಕಟ್ಟು, ಬೋಗುಣಿಯಲ್ಲಿ ಹಿಟ್ಟಿನ ಅಂಟು. ಬೆನ್ನ ಹಿಂದೆ ಯಾರು ಬಂದರು ಎಂದು ತಿಳಿಯಲು ಎದುರಿನ ಗೋಡೆಗೆ ಗಂಡ ಗಡ್ಡ ಹೆರೆದುಕೊಳ್ಳುವ ಕನ್ನಡಿ ನೇತುಹಾಕಿದ್ದಳು. ಅಡುಗೆಮನೆ ದಾಟಿದರೆ ಹಿಂದಿನ ಕೋಣೆ. ಅಲ್ಲಿ ಅವಳ ಅತ್ತೆ, ನಮಗೆ ಅಜ್ಜಿ, ಮಂಚ ಹಿಡಿದಿದ್ದಳು. ಮುಂಚೆ ಸೊಸೆ ಬೇಕೆನಿಸಿದಾಗ ಕೋಲಿನಿಂದ ನೆಲ ಗುದ್ದುತ್ತಿದ್ದಳಂತೆ. ಆ ಅದುರು ಅಕ್ಕನ ಅಂಗಾಲಿಗೆ ಗೊತ್ತಾಗುತ್ತಿತ್ತು. ಪಾರ್ಶ್ವವಾಯು ಹೊಡೆದ ಮೇಲೆ ಕೋಲು ಹಿಡಿಯುವ ಕೈ ಹೋಯಿತು. ಒತ್ತಿದರೆ ಅಕ್ಕನಿಗೆ ತಿಳಿಯುವಂಥ ಒಂದು ಗುಂಡಿ ಮಾಡಿಕೊಟ್ಟೆವು. ಅದು ಹೊದಿಕೆಯೊಳಗೆ ಎಲ್ಲೋ ಸೇರಿಕೊಂಡು ಬೇಕಾದಾಗ ಸಿಗದೆ, ಅಜ್ಜಿ ಅದನ್ನು ಮಂಚದ ಕೆಳಗೆ ಎಸೆದಳು. ಉಳಿದದ್ದು ಅವಳ ದನಿಯೊಂದೇ.

ಆ ದನಿ ಈಗಲೂ ನನ್ನ ಕಿವಿಯಲ್ಲಿದೆ. "ಬಾ…ರೇ" ಎನ್ನುತ್ತಿದ್ದಳು. 'ಬಾ' ಕೆಳಗಿನಿಂದ ಎದ್ದು, 'ರೇ' ಮೇಲೆ ಹೋಗಿ ಅಲ್ಲೇ ಎಳೆದುಕೊಂಡು ನಿಲ್ಲುತ್ತಿತ್ತು, ಅಕ್ಕ ಬಾಗಿಲಲ್ಲಿ ಕಾಣಿಸುವವರೆಗೂ. ಸೊಸೆಗೆ ಕೇಳುವುದಿಲ್ಲ ಎಂದು ಗೊತ್ತಿದ್ದೂ ಮದುವೆಯಾದ ದಿನದಿಂದ ಹಾಗೆಯೇ ಕರೆದವಳು. ಅಕ್ಕ ಒಂದು ಸಲವೂ ಅದನ್ನು ಕೇಳಿದವಳಲ್ಲ.

ಮಂಚದ ತಲೆಯ ಬಳಿ ಒಂದು ಡಬ್ಬಿ ಇಡುವುದು, ಅದು ಅಜ್ಜಿಯ ಕರೆಯನ್ನು ಗುರುತಿಸಿದ ಕೂಡಲೇ ಅಕ್ಕನ ಮಣಿಕಟ್ಟಿನ ಪಟ್ಟಿ ನಡುಗುವುದು ಎಂದು ಗೊತ್ತುಮಾಡಿಕೊಂಡೆವು. ಡಬ್ಬಿಗೆ ಕಲಿಸಬೇಕಾದರೆ ಕರೆಯನ್ನು ಬೇಕಾದಷ್ಟು ಸಲ ಧ್ವನಿಮುದ್ರಿಸಬೇಕು. ಅಜ್ಜಿ ಸುತರಾಂ ಒಪ್ಪಲಿಲ್ಲ.

"ಕೆಲಸ ಇಲ್ದೆ ಯಾಕೆ ಕರೀಲಿ? ಪಾಪ, ಕೈಯೆಲ್ಲ ಅಂಟು ಮಾಡ್ಕೊಂಡು ಕೂತಿರ್ತಾಳೆ."

"ಅವರಿಗೆ ಕೇಳಿಸಲ್ಲ ಅಜ್ಜಿ. ನಮ್ಮ ಡಬ್ಬಿಗೆ ಮಾತ್ರ."

"ಕೇಳಿಸದೆ ಇದ್ರೆ ಸುಳ್ಳು ಕರೀಬಹುದಾ?"

ಆಗ ನೆರವಿಗೆ ಬಂದವರು ಅಕ್ಕನ ಗಂಡ. ಅಕ್ಕನ ಲೆಕ್ಕದಲ್ಲಿ ಅವರನ್ನು ಭಾವ ಎಂದೇ ಕರೆಯುತ್ತಿದ್ದೆವು. ಬಸ್ಸಿನ ಕಂಡಕ್ಟರು. ದಾರಿಯುದ್ದಕ್ಕೂ ಕೂಗಿ ಕೂಗಿ ಮನೆಗೆ ಬಂದರೆ ತುಟಿಪಿಟಕ್ಕೆನ್ನದ ಮನುಷ್ಯ. ಆದರೆ ಅಮ್ಮನ ದನಿಯನ್ನು ಅಣಕಿಸುವುದರಲ್ಲಿ ಚಿಕ್ಕಂದಿನಿಂದ ಪಳಗಿದ್ದರು. ನಮ್ಮ ಮೈಕಿನ ಮುಂದೆ ಕೂತು "ಬಾ…ರೇ" ಎಂದರೆ, ಮಂಚದಲ್ಲಿದ್ದ ಅಜ್ಜಿಯೇ ಬೆಚ್ಚಿದಳು. "ಥೂ, ನನ್ನ ಗಂಟಲು ಯಾವಾಗ ಕದ್ದೆಯೋ" ಎಂದು ಬೈದಳು. ಅಕ್ಕ ಬಾಗಿಲಲ್ಲಿ ನಿಂತು, ನಾವೆಲ್ಲ ಯಾಕೆ ನಗುತ್ತಿದ್ದೇವೆ ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಕೊನೆಗೆ ಡಬ್ಬಿ ಕಲಿತದ್ದರಲ್ಲಿ ಅಜ್ಜಿ ಕೆಲಸವಿದ್ದಾಗ ಕರೆದದ್ದು ಸ್ವಲ್ಪ, ಭಾವನದೇ ಬಹಳ. ಇಬ್ಬರಲ್ಲಿ ಯಾರು ಕರೆದರೂ ಪಟ್ಟಿ ನಡುಗುತ್ತಿತ್ತು. "ಒಳ್ಳೇದೇ ಆಯ್ತು ಬಿಡು, ಬೇಕಾದ್ದು ರಾಗ ತಾನೇ" ಅಂದ ಸುಟ್ಟಬೆರಳು. ನಾನೂ ಹೂಂ ಅಂದೆ. ಡಬ್ಬಿಯ ಪುಟ್ಟ ಕೆಂಪು ದೀಪ ಕಣ್ಣಿಗೆ ಚುಚ್ಚುತ್ತದೆ ಎಂದು ಅಜ್ಜಿ ಗೊಣಗಿದ್ದಕ್ಕೆ ಅದರ ಮೇಲೆ ಕಪ್ಪು ಟೇಪು ಅಂಟಿಸಿದೆವು.

ಮೊದಲ ಸಲ ಪಟ್ಟಿ ನಡುಗಿದಾಗ ಅಕ್ಕ ಕೈಯಲ್ಲಿದ್ದ ರಟ್ಟನ್ನು ಬಿಟ್ಟು ಓಡಿದ್ದು ನೆನಪಿದೆ. ಹಿಂದಿನ ಕೋಣೆಯಲ್ಲಿ ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತರು. "ಕರೆದ್ರಾ?" ಎಂದಳು ಅಕ್ಕ. "ಕರೆದೆ ಕಣೇ" ಎಂದಳು ಅಜ್ಜಿ. ಇಬ್ಬರ ಕಣ್ಣಲ್ಲೂ ನೀರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ತೊಂದರೆ ಒಂದೇ. ಅಂಟು ಹಚ್ಚುವಾಗ ಪಟ್ಟಿ ಒದ್ದೆಯಾಗುತ್ತಿತ್ತು. ಆಗೆಲ್ಲ ಅಕ್ಕ ಅದನ್ನು ಬಿಚ್ಚಿ ಕನ್ನಡಿಯ ಮೊಳೆಗೆ ತೂಗುಹಾಕುತ್ತಿದ್ದಳು. ಅಂಟಿನಲ್ಲಿ ಕೈ ಅದ್ದುವವಳಿಗೆ ಮಣಿಕಟ್ಟಿಗೆ ಕಟ್ಟುವ ಸಾಧನ ಮಾಡಿದ ನಮ್ಮ ಬುದ್ಧಿಗೆ ಏನು ಹೇಳುವುದು. ಸರಿಮಾಡಿಕೊಡುತ್ತೇವೆ ಎಂದು ಹೇಳಿ ಬಂದಿದ್ದೆವು. ಅಷ್ಟರಲ್ಲಿ ಒಂದು ಮಧ್ಯಾಹ್ನ ಅಕ್ಕ ನೀರು ಕುಡಿಸಲು ಒಳಗೆ ಹೋದಾಗ ಅಜ್ಜಿಯ ಜೀವ ಹೋಗಿತ್ತು. ಪಟ್ಟಿ ಮೊಳೆಯ ಮೇಲಿತ್ತು.

ಕೆಲವು ವಾರಗಳಾದ ಮೇಲೆ ನಮ್ಮ ಮೇಡಂ, ಪರೀಕ್ಷೆಗೆ ಸಾಧನ ಒಪ್ಪಿಸಬೇಕು, ಹೋಗಿ ಕೇಳಿ ತನ್ನಿ ಎಂದರು. ಒಬ್ಬಳೇ ಹೋದೆ. ಅಕ್ಕ ಇಳಿದುಹೋಗಿದ್ದಳು. ಕೈ ತುಂಬ ಅಂಟು, ಆದರೂ ಪಟ್ಟಿ ಮಣಿಕಟ್ಟಿನ ಮೇಲೇ ಇತ್ತು. ಅದರ ಸುತ್ತ ಪ್ಲಾಸ್ಟಿಕ್ ಹಾಳೆ ಸುತ್ತಿ ದಾರ ಕಟ್ಟಿಕೊಂಡಿದ್ದಳು.

"ಕೊಡಲ್ಲ. ಅತ್ತೆ ಇನ್ನೂ ಕರೀತಿದಾರೆ."

ಡಬ್ಬಿ ಬೇರೆ ಯಾವುದೋ ಸದ್ದಿಗೆ ಮೋಸಹೋಗಿದೆ ಅಕ್ಕ, ಬಾಗಿಲ ಕೀಲು ಕಿರುಗುಟ್ಟಿರಬೇಕು, ಬೆಕ್ಕು ಇರಬೇಕು ಎಂದೆಲ್ಲ ತುಟಿ ಬಿಡಿಸಿ ಬಿಡಿಸಿ ವಿವರಿಸಿದೆ. ಕೀಲಿಗೆ ಎಣ್ಣೆ ಹಾಕಿ ಆಗಿದೆ, ಬೆಕ್ಕು ಈ ಕಡೆ ಬರುವುದಿಲ್ಲ ಎಂದಳು.

"ಮಧ್ಯಾಹ್ನದ ಹೊತ್ತು ಕರೀತಾರೆ. ಓಡಿ ಹೋಗ್ತೀನಿ. ಮಂಚದ ಮೇಲೆ ನಿಮ್ಮ ಭಾವ ಗೋಡೆ ಕಡೆ ತಿರುಗಿ ಮಲಗಿರ್ತಾರೆ, ಬೆಳಗಿನ ಪಾಳಿ ಮುಗಿಸಿ ಬಂದು. ಬೇರೆ ಯಾರೂ ಇರಲ್ಲ. ಅವರನ್ನ ಎಬ್ಬಿಸದೆ ವಾಪಸ್ ಬರ್ತೀನಿ." ಒಂದು ಹಾಳೆಯ ಅಂಚನ್ನು ಉಗುರಿನಿಂದ ತೀಡುತ್ತಾ ಮುಂದುವರಿಸಿದಳು. "ನಿನ್ನ ಡಬ್ಬಿಗೆ ಏನೂ ಆಗಿಲ್ಲ. ಆವತ್ತು ಬೆಳಗ್ಗೆ ತಲೆ ಬಾಚಿದೆ. ಬಾರೇ ಅಂತ ತುಟಿ ಆಡ್ಸಿದ್ರು. ಇಲ್ಲೇ ಇದೀನಲ್ಲ ಅತ್ತೆ ಅಂದು ಬಂದು ಕೆಲಸಕ್ಕೆ ಕೂತೆ. ಪಟ್ಟಿ ಬಿಚ್ಚಿಟ್ಟೆ. ಆಮೇಲೆ ಎಷ್ಟು ಕರೆದ್ರೋ. ನಾನು ಹೋಗ್ಲಿಲ್ಲ. ಅದಕ್ಕೇ ಬಿಡ್ತಿಲ್ಲ ನನ್ನ."

ನನಗೆ ಹೆದರಿಕೆಯಾಯಿತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಹಾಸ್ಟೆಲಿನಲ್ಲಿ ನನ್ನ ಫೋನು ಮೇಜಿನ ಮೇಲೆ ಗುರ್ರೆಂದರೂ ಎದೆ ಧಸಕ್ಕೆನ್ನತೊಡಗಿತು. ಸುಟ್ಟಬೆರಳಿಗೆ ಹೇಳಿದರೆ, "ಹೋಗಿ ಕೂತು ಕೇಳು. ಡಬ್ಬಿ ಸುಮ್ನೆ ಸುಮ್ನೆ ಎಚ್ಚರ ಆಗಲ್ಲ" ಅಂದ. ಹೇಳುವುದು ಸುಲಭ. ಜೊತೆಗೆ ಬಾ ಎಂದರೆ ಅವನಿಗೆ ಲ್ಯಾಬಿನಲ್ಲಿ ಕೆಲಸವಿತ್ತಂತೆ.

ಮತ್ತೊಂದು ದಿನ ಊಟದ ಹೊತ್ತು ಮೀರಿದ ಮೇಲೆ ಹೋಗಿ, ಅಕ್ಕನ ಮೇಜಿನ ಪಕ್ಕ ಕೂತು ಹಾಳೆ ಮಡಚಿಕೊಡುತ್ತಿದ್ದೆ. ಭಾವ ಬಂದರು. ಕನ್ನಡಿಯಲ್ಲಿ ಹೆಂಡತಿಗೆ ಮುಖ ತೋರಿಸಿ, ಊಟ ಆಯ್ತು ಎಂದು ಸನ್ನೆ ಮಾಡಿ ಒಳಗೆ ಹೋದರು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅದು ನಿಂತಿತು. ಮನೆ ಪೂರ್ತಿ ತಣ್ಣಗಾಯಿತು.

"ಬಾ…ರೇ."

ಕೈಯಲ್ಲಿದ್ದ ಹಾಳೆ ಹಾಗೇ ನಿಂತಿತು. ಅಜ್ಜಿಯ ದನಿ. 'ಬಾ' ಕೆಳಗಿನಿಂದ ಎದ್ದು, 'ರೇ' ಮೇಲೆ ಹೋಗಿ, ಎಳೆದುಕೊಂಡು, ಇಳಿಯದೆ ನಿಂತಿತ್ತು. ಅಜ್ಜಿಯನ್ನು ಹೊತ್ತು ಹೊರಗೆ ಒಯ್ದದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಪಕ್ಕದಲ್ಲಿ ಅಕ್ಕನ ಮಣಿಕಟ್ಟಿನ ಪ್ಲಾಸ್ಟಿಕ್ಕು ಸರಸರ ಎಂದಿತು.

"ನೋಡು. ಕರೀತಿದಾರೆ" ಎಂದಳು ಅಕ್ಕ, ನನ್ನ ಮುಖವನ್ನೇ ನೋಡುತ್ತಾ. "ನಿಂಗೆ ಕೇಳ್ತಾ? ಹೇಳು, ಕೇಳ್ತಾ?"

ನಾನು ಎದ್ದೆ. ಅಡುಗೆಮನೆ ದಾಟಿ ಒಳಗೆ ಹೋದೆ. ಮಂಚದ ಮೇಲೆ ಭಾವ ಗೋಡೆಯ ಕಡೆ ತಿರುಗಿ ಮಲಗಿದ್ದರು. ಅಮ್ಮನ ಹೊದಿಕೆ ಕುತ್ತಿಗೆಯವರೆಗೆ. ಆ ಬೆನ್ನು ನಡುಗುತ್ತಿತ್ತು. ಹೊದಿಕೆಯೊಳಗಿನಿಂದ ಮತ್ತೆ ಆ ದನಿ ಬಂತು, ಈ ಸಲ 'ರೇ' ಒಡೆದು ಅಳುವಾಯಿತು.

"ಭಾವ."

ಅವರು ತಿರುಗಲಿಲ್ಲ. ಗೋಡೆಗೇ ಮಾತಾಡಿದರು. "ಅಮ್ಮ ಇದ್ದಷ್ಟು ದಿನ ಮನೆ ತುಂಬ ಇದೇ ಸದ್ದು. ಈಗ ಬಂದ್ರೆ ಏನೂ ಇಲ್ಲ. ಅದನ್ನ ಕೇಳಿದೋನು ನಾನೊಬ್ನೇ ತಾನೇ. ಅವಳಿಗೆ ಹೇಗೂ ಕೇಳ್ಸಲ್ಲ ಅಂತ…"

"ಡಬ್ಬಿ ಆನ್ ಇದೆ ಭಾವ."

"ದೀಪ ಉರೀತಿಲ್ಲ."

ನಾನು ಕಪ್ಪು ಟೇಪನ್ನು ಕಿತ್ತೆ. ಕೆಂಪು ಬೆಳಕು ಗೋಡೆಯ ಮೇಲೆ, ಅವರ ಮುಖದ ಹತ್ತಿರ ಬಿತ್ತು. ಅವರು ಅದನ್ನೇ ನೋಡಿದರು.

"ಏನಂತಾರೆ?" ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಕಾಣುತ್ತಿದ್ದದ್ದು ಗಂಡನ ಬೆನ್ನು ಮತ್ತು ನನ್ನ ಮುಖ. "ಏನಂತಾರೆ ಅವರು? ನೀನಾದ್ರೂ ಹೇಳು."

"ಹೇಳ್ಬೇಡ" ಎಂದರು ಭಾವ, ಗೋಡೆಗೆ.

ನನಗೆ ರೇಗಿಹೋಯಿತು. ಸತ್ತವರಿಗೆ ಹೆದರಿದ್ದೆಲ್ಲ ಸಿಟ್ಟಾಯಿತು. "ನಾನು ಹೇಳಲ್ಲ. ನೀವೇ ತಿರುಗಿ ಹೇಳಿ. ಅತ್ತೆ ಕರೆದ್ರು, ನಾನು ಹೋಗಲಿಲ್ಲ ಅಂತ ದಿನಾ ಸಾಯ್ತಿದಾರೆ ಅಕ್ಕ. ಈ ಮನೇಲಿ ಬೆನ್ನಲ್ಲಿ ಮಾತಾಡಿದ್ರೆ ಮಾತಲ್ಲ, ಮರೆತುಹೋಯ್ತಾ ನಿಮಗೆ?"

ಅವರು ತಿರುಗಿದರು. ಮುಖ ಊದಿತ್ತು. ಎದ್ದು ಕೂತು, ಹೆಂಡತಿಗೆ ತುಟಿ ಕಾಣುವಂತೆ ನಿಧಾನವಾಗಿ ಹೇಳಿದರು.

"ಕರೀತಿದ್ದೋನು ನಾನು. ಅಮ್ಮನ ಥರ."

ಅಕ್ಕ ಅವರ ತುಟಿಯನ್ನೇ ನೋಡುತ್ತಿದ್ದಳು.

"ಇನ್ನೊಂದಿದೆ. ಆವತ್ತು ಬೆಳಗ್ಗೆ ನೀನು ತಲೆ ಬಾಚೋವಾಗ ಅಮ್ಮ ಬಾಯಿ ಆಡ್ಸಿದ್ಲಲ್ಲ, ನೀನು ನೋಡ್ದೆ. ಸದ್ದು ಬರ್ಲಿಲ್ಲ. ದನಿ ಹೋಗ್ಬಿಟ್ಟಿತ್ತು. ನಿಂಗದು ಗೊತ್ತಾಗಲ್ಲ, ನಂಗೆ ಗೊತ್ತಾಯ್ತು. ಡ್ಯೂಟಿಗೆ ಹೊತ್ತಾಗಿತ್ತು. ಸಂಜೆ ಡಾಕ್ಟ್ರಿಗೆ ತೋರ್ಸಿದ್ರಾಯ್ತು ಅಂತ ಹೊರಟುಹೋದೆ." ತಲೆ ತಗ್ಗಿಸಲು ಹೋದವರು ಹಾಗೇ ಎತ್ತಿ ಹಿಡಿದರು. "ನೀನು ಪಟ್ಟಿ ಕಟ್ಕೊಂಡಿದ್ರೂ ಅದು ನಡುಗ್ತಿರ್ಲಿಲ್ಲ. ಕರೆಯೋಕೆ ದನಿನೇ ಇರ್ಲಿಲ್ಲ ಅಮ್ಮಂಗೆ."

ಅಕ್ಕ ಮಂಚದ ಅಂಚಿಗೆ ಕೂತಳು. ಅಂಟು ಒಣಗಿದ ಕೈಯನ್ನು ಹೊದಿಕೆಯ ಮೇಲೆ ಇಟ್ಟಳು. ಅವಳು ಅಳುತ್ತಾಳೆ ಎಂದುಕೊಂಡೆ, ಬೈಯುತ್ತಾಳೆ ಎಂದುಕೊಂಡೆ.

"ಹಾಗಾದ್ರೆ ನಮ್ಮಿಬ್ರಿಗೂ ಕೇಳ್ಸಿಲ್ಲ" ಎಂದಳು, ಯಾವತ್ತಿನ ಆ ಏರಿಳಿತವಿಲ್ಲದ ದನಿಯಲ್ಲಿ.

ಭಾವ, ತಾನು ಗಂಡಸು ಅನ್ನುವುದನ್ನೂ, ನಾನು ಅಲ್ಲಿದ್ದೇನೆ ಅನ್ನುವುದನ್ನೂ ಮರೆತು ಅತ್ತರು. ಅಕ್ಕನಿಗೆ ಅದು ಕೇಳುವುದಿಲ್ಲ. ಆದರೆ ಈ ಸಲ ಅವಳಿಗೆ ಮುಖ ಕಾಣುತ್ತಿತ್ತು.

ಹೊರಡುವಾಗ, ಡಬ್ಬಿ ಕೊಡಿ, ಭಾವನ ದನಿ ತೆಗೆದುಬಿಡುತ್ತೇನೆ ಎಂದೆ. ಭಾವ ಹೂಂ ಎಂದರು. ಅಕ್ಕ ಕೊಡಲಿಲ್ಲ. "ಅತ್ತೆ ಕರೆದಾಗ ಗೊತ್ತಾಗ್ಬೇಕು ಅಂತ ಕೇಳಿದ್ದೆ. ಇವರು ಕರೆದಾಗ್ಲೂ ಗೊತ್ತಾಗ್ಬೇಕು ಅಂತ ಕೇಳೋಕೆ ನಂಗೆ ಹೊಳೀಲಿಲ್ಲ. ಇರ್ಲಿ" ಅಂದಳು. ಸಾಧನ ಒಪ್ಪಿಸಿಲ್ಲ ಎಂದು ಮೇಡಂ ಅಂಕ ಕಳೆದರು. ಸುಟ್ಟಬೆರಳು ಒಂದು ವಾರ ನನ್ನ ಜೊತೆ ಮಾತು ಬಿಟ್ಟ. ಆಮೇಲೆ ಅವನೇ, ಮೊಣಕೈ ಮೇಲೆ ಕಟ್ಟಿಕೊಳ್ಳುವಂತೆ ಹೊಸ ಪಟ್ಟಿ ಹೊಲಿದು ತಂದ.

ಅದನ್ನು ಕೊಡಲು ಹೋದ ಮಧ್ಯಾಹ್ನ ಅಕ್ಕ ರಟ್ಟಿಗೆ ಅಂಟು ಹಚ್ಚುತ್ತಿದ್ದಳು. ಹೊಸ ಪಟ್ಟಿಯನ್ನು ನಾನೇ ತೋಳಿಗೆ ಬಿಗಿದೆ. ಚಹಾ ಇನ್ನೂ ಮುಗಿದಿರಲಿಲ್ಲ, ಹಿಂದಿನ ಕೋಣೆಯಿಂದ ಅಜ್ಜಿ ಕರೆದಳು. ಕರೆದದ್ದು ಭಾವ ಎಂದು ಗೊತ್ತಿದ್ದೂ ನನ್ನ ಮೈ ಜುಮ್ಮೆಂದಿತು. ಅಕ್ಕ ಕೈ ಒರೆಸಿಕೊಂಡು ಎದ್ದು ಹೋದಳು. 'ರೇ' ಎಳೆದುಕೊಂಡೇ ಇತ್ತು. ಅವಳು ಬಾಗಿಲು ತಲುಪಿರಬೇಕು, ಅರ್ಧಕ್ಕೆ ನಿಂತಿತು.