ಅತ್ತೆ ಬಿಟ್ಟ ಸಾಲು

ಇವತ್ತು ಬೆಳಗ್ಗೆ ಹಸುಗಳಿಗೆ ಹಾಕಲು, ಗಡಿಯಾಚೆ ತಮಿಳುನಾಡಿನ ಬೇರಿಕೆ ಕಡೆಯಿಂದ ತಂದ ರಾಗಿಹುಲ್ಲಿನ ರೋಲೊಂದರ ದಾರ ಕತ್ತರಿಸಿದೆ. ಒಣಹುಲ್ಲಿನ ವಾಸನೆಯ ಹಿಂದೆಯೇ ಇನ್ನೊಂದು ಕೆಟ್ಟ ವಾಸನೆ ಬಂತು. ಬಿಡಿಸಿದರೆ ಒಳಗೆ ಒಂದು ಹಿಡಿ ಕಂದು ಕೂದಲು, ಮೊಲದ್ದು. ಹಸು ಮೂಸಿ ಮುಖ ತಿರುಗಿಸಿತು. ನನಗೆ ಪಕ್ಕದ ಹೊಲದ ಅತ್ತೆ ನೆನಪಾದಳು...

ನೆಂಟಸ್ತಿಕೆಯ ಅತ್ತೆಯಲ್ಲ, ಊರಿಗೇ ಅತ್ತೆ. ಹಸುಗಳನ್ನು ತೆಲುಗಿನಲ್ಲಿ ಬೈಯುತ್ತಿದ್ದಳು, ಮಿಷನ್ ಡ್ರೈವರನ್ನು ತಮಿಳಿನಲ್ಲಿ, ನಮ್ಮನ್ನು ಕನ್ನಡದಲ್ಲಿ. ಯಾರಿಗೂ ಕಮ್ಮಿ ಮಾಡುತ್ತಿರಲಿಲ್ಲ.

ಹುಲ್ಲು ಸುತ್ತುವ ಮಿಷನ್ ನಮ್ಮೂರಿಗೆ ಬಂದ ಮೊದಲ ವರ್ಷ ಅತ್ತೆಯ ರೋಲೊಂದರಲ್ಲಿ ಕೇರೆಹಾವು ಸಿಕ್ಕಿಕೊಂಡು ಸತ್ತಿತ್ತು. ಇಲಿ ಹಿಡಿದು ರಾಗಿ ಉಳಿಸಿದ ಹಾವು ಎಂದು ಅದನ್ನು ಬದುವಿನಲ್ಲಿ ಹೂತು ಹಾಲು ಬಿಟ್ಟಳು. ಮರುವರ್ಷದಿಂದ, ಹುಲ್ಲಲ್ಲಿ ಅಡಗಿದ್ದು ಓಡಿಹೋಗಲಿ ಎಂದು, ಮಿಷನ್ ಎಳೆಯುವ ಟ್ರ್ಯಾಕ್ಟರ್ ಮುಂದೆ ಹಾಲಿನ ಕ್ಯಾನಿನ ಮುಚ್ಚಳ ಬಡಿಯುತ್ತಾ ನಡೆಯತೊಡಗಿದಳು, ದೇವರ ಮುಂದೆ ತಮಟೆ ಬಡಿದ ಹಾಗೆ. ಊರೆಲ್ಲ ನಕ್ಕಿತು.

"ನಕ್ಕೊಳ್ಳಿ, ಹಲ್ಲು ಗಟ್ಟಿಯಾಯ್ತವೆ," ಅಂದಳು.

ಒಂದು ಸಂಜೆ ಮೋಡ ಕವಿದಿತ್ತು. ನೆನೆದ ರಾಗಿಹುಲ್ಲು ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. ಅತ್ತೆಯ ಹಸುಗಳಿಗೆ ಬೇಸಿಗೆ ದಾಟಲು ಇದ್ದದ್ದು ಅದೇ ಮೇವು. ಮುಚ್ಚಳದ ಸದ್ದಿಗೆ, ಕೊಯ್ದು ಹಾಸಿದ ಹುಲ್ಲಿನ ಉದ್ದನೆಯ ಸಾಲೊಂದರಿಂದ ಮೊಲ ಎದ್ದು ಓಡಿತು. ಓಡಿದ್ದು ಬದುವಿನ ಮೇಲೆ ನಿಂತು ತಿರುಗಿ ನೋಡಿತು. ಅತ್ತೆ ಮುಚ್ಚಳ ಎಸೆದು ಮಿಷನ್ನಿಗೆ ಅಡ್ಡ ನಿಂತಳು.

"ಓಡೋ ಮೊಲ ಹಿಂದಕ್ಯಾಕ್ಲಾ ನೋಡ್ತದೆ? ಮರಿ ಐತೆ ಕಣ್ಲಾ!"

ಜೊತೆಗಿದ್ದ ನಾನು ಹುಲ್ಲು ಸರಿಸಿದೆ. ಮರಿಗಳು ನೆಲಕ್ಕೆ ಅಂಟಿಕೊಂಡು ಅಲ್ಲಾಡದೆ ಕೂತಿದ್ದವು. ಸದ್ದಾದಷ್ಟೂ ಅವು ಇನ್ನಷ್ಟು ಅಡಗುತ್ತವೆ. ಇಷ್ಟು ದಿನ ಬಡಿದ ಮುಚ್ಚಳ ದೊಡ್ಡವನ್ನು ಮಾತ್ರ ಓಡಿಸಿತ್ತು ಎಂದು ಅರ್ಥವಾಗಿ ಅತ್ತೆಯ ಮುಖ ಇಳಿದುಹೋಯಿತು.

"ಮಳೈ ವರುದಮ್ಮಾ," ಎಂದು ಡ್ರೈವರ್ ಆಕಾಶ ತೋರಿಸಿದ.

"ವರಟ್ಟುಂ," ಅಂದಳು ಅತ್ತೆ. ಬಂದರೆ ಬರಲಿ. ಆ ಸಾಲು ಬಿಟ್ಟು ಉಳಿದದ್ದನ್ನು ಸುತ್ತಿಸಿದಳು.

ಮಳೆ ಬಂದೇ ಬಂತು. ಬೆಳಗ್ಗೆ ನೋಡಿದರೆ ಮರಿಗಳಿರಲಿಲ್ಲ. ಅವು ಕೂತಿದ್ದ ಅಂಗೈಯಗಲ ಜಾಗ ಮಾತ್ರ ನೆನೆದಿರಲಿಲ್ಲ.

"ಅಷ್ಟೂ ಹುಲ್ಲು ಹಾಳಾಯ್ತಲ್ಲ ಅತ್ತೆ," ಅಂದೆ.

"ತಿಪ್ಪೆಗಾಕಿದ್ರೆ ಗೊಬ್ಬರ ಆಯ್ತದೆ. ಮರಿ ಸುತ್ತಿದ್ರೆ ಏನ್ಲಾ ಆಯ್ತಿತ್ತು?"

ಆಮೇಲೆ ಮುಚ್ಚಳ ಕ್ಯಾನಿಗೆ ಮರಳಿತು, ಅತ್ತೆಯ ಕೈಗೆ ಕೋಲು ಬಂತು. ಪ್ರತಿ ಸಾಲನ್ನೂ ಎತ್ತಿ ನೋಡಿದ ಮೇಲೆಯೇ ಮಿಷನ್. ಆ ಬೇಸಿಗೆ ಮೇವು ಸಾಲದೆ, ನಮ್ಮ ವಾಮೆಯಿಂದ ಹುಲ್ಲು ಹಿರಿದುಕೊಂಡು ಹೋದಳು, ಕೇಳದೆ, ಬಣವೆ ತನ್ನದೇ ಎಂಬಂತೆ. ನನಗೆ ಅದು ಖುಷಿಯೇ ಆಗಿತ್ತು.

ಅತ್ತೆ ಹೋದ ಮೇಲೆ ಇದು ಮೊದಲ ಸುಗ್ಗಿ... ರೋಲಿನ ಆ ಹಿಡಿ ಕೂದಲನ್ನು ಬದುವಿನಲ್ಲಿ ಹೂತು ಹಾಲು ಬಿಟ್ಟೆ. ನಾಳೆ ನಮ್ಮ ಹೊಲಕ್ಕೆ ಮಿಷನ್ ಬರುತ್ತದೆ. ಕೋಲು ಹಿಡಿದು ಮುಂದೆ ನಾನೇ ನಡೆಯುತ್ತೇನೆ. ಊರು ನಗಲಿ, ಡ್ರೈವರ್ ಗೊಣಗಲಿ. ಅವನಿಗೆ ತಮಿಳಿನಲ್ಲಿ ತಿರುಗಿಸಿ ಬೈಯಲು ಮಾತ್ರ ಅತ್ತೆ ಇರಬೇಕಿತ್ತು.