ಕೊಟ್ರಮ್ಮ ಎತ್ತಿಟ್ಟ ಜಂಪರ್ ಪೀಸು

ಆದೋನಿಯಲ್ಲಿ ಹೆಂಗಸರ ಜಂಪರ್, ಅಂದರೆ ಕುಪ್ಪಸ, ಹೊಲಿಯುವ ಕೊಟ್ರಮ್ಮ ಸಿಟ್ಟು ಬಂದರೆ ಬೈಯುವುದಿಲ್ಲ, ಕೂಗುವುದಿಲ್ಲ. ಸಿಟ್ಟನ್ನು ಎತ್ತಿಡುತ್ತಾಳೆ. ಪಕ್ಕದ ಮನೆಯವಳಾದ ನನಗೆ ಅವಳ ಈ ಗುಣ ಬಹಳ ಇಷ್ಟ.

2019ರಲ್ಲಿ ಅವಳ ಮಗಳು ಗಂಗೋತ್ರಿಗೆ ಮದ್ದಿಕೇರದ ವೀರಬಸಮ್ಮನ ಮಗ ಸೋಮೇಶನ ಜೊತೆ ನಿಶ್ಚಯವಾಯಿತು. ಹುಡುಗ ವೆಲ್ಡರ್. ಪೋರ್ಚುಗಲ್‌ಗೆ ಹೋಗಿ ಅಲ್ಲಿಯ ಪ್ರಜೆಯೇ ಆಗಿದ್ದ. ಇಂಗ್ಲೆಂಡಿನಲ್ಲಿ ಗುತ್ತಿಗೆ ಸಿಕ್ಕಾಗ ಹೋಗುವುದು, ಮುಗಿದ ಮೇಲೆ ಪೋರ್ಚುಗಲ್‌ಗೆ ವಾಪಸು ಬರುವುದು. ಯುರೋಪಿನವರಿಗೆ ಆಗ ಯಾರ ಅಪ್ಪಣೆಯೂ ಬೇಕಿರಲಿಲ್ಲ. ನಮ್ಮ ಹೊಳಗುಂದದವರು ಆಂಧ್ರದ ಗಡಿ ದಾಟಿ ಕರ್ನಾಟಕದ ಸಿರುಗುಪ್ಪದ ಗದ್ದೆಗೆ ನಾಟಿ ಮಾಡಲು ಹೋಗುವ ಹಾಗೆ. ನಿಶ್ಚಯದ ದಿನ ಗಂಡಿನವರು ಹಸಿರು ರೇಷ್ಮೆ ಸೀರೆ ಇಟ್ಟು ಗಂಗೋತ್ರಿಯ ಉಡಿ ತುಂಬಿದರು. ಕೊಟ್ರಮ್ಮ ಸಂಭ್ರಮ ತಡೆಯಲಾರದೆ ಮರುದಿನವೇ ಸೀರೆಯ ತುದಿಯ ಜಂಪರ್ ಪೀಸು ಕತ್ತರಿಸಿದಳು.

ಅಷ್ಟರಲ್ಲಿ ಕರ್ನೂಲಿನ ದೊಡ್ಡ ಮನೆಯವರು ಸೋಮೇಶನಿಗೆ ಹೆಣ್ಣು ಕೊಡುತ್ತೇವೆ ಎಂದು ಬಂದರು. ವೀರಬಸಮ್ಮ ಓಡೋಡಿ ಬಂದು ಸೀರೆ ವಾಪಸು ಕೇಳಿದಳು. ತುಂಬಿದ ಉಡಿಯನ್ನು ವಾಪಸು ಕೇಳಿದವರನ್ನು ನಾನಂತೂ ಕಂಡಿರಲಿಲ್ಲ. ಸೀರೆ ಬಿಡಿಸಿ ನೋಡಿ, ಓಣಿಗೆಲ್ಲ ಕೇಳುವಂತೆ ಕೂಗಿದಳು.

"ಪೀಸ್ ಕದ್ದಾಳ ನೋಡ್ರಿ! ಯಾರ ಅಪ್ಪಣೇನೂ ಕೇಳ್ದ ದೇಶ ದಾಟೋ ಮಗ ಅದಾನ ನಂಗ. ದರ್ಜಿ ಮನಿ ಹೆಣ್ಣು ಯಾಕ ಬೇಕು?"

ಕೊಟ್ರಮ್ಮ ಪೀಸು ಕೊಡಹೋದರೆ, "ಕತ್ತರಿಸಿದ್ದು ನಂಗ್ಯಾಕ, ನೀನ ಇಟ್ಕೊ" ಎಂದು ಎಸೆದು ಹೋದಳು. ಒಳಗೆ ಗಂಗೋತ್ರಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಕೊಟ್ರಮ್ಮ ಪೀಸನ್ನು ಮಡಿಚಿ ಟ್ರಂಕಿನಲ್ಲಿಟ್ಟಳು.

ಆಮೇಲೆ ಬ್ರೆಕ್ಸಿಟ್ ಬಂತು, ಇಂಗ್ಲೆಂಡು ಯುರೋಪಿನ ಒಕ್ಕೂಟ ಬಿಟ್ಟು ಹೊರಬಂತು. 2021ರ ಹೊಸ ವರ್ಷದಿಂದ ಇಂಗ್ಲೆಂಡಿನಲ್ಲಿ ದುಡಿಯಲು ಯುರೋಪಿನವರಿಗೂ ಪರ್ಮಿಟ್ ಬೇಕಾಯಿತು. ಅದಕ್ಕೆ ಅಲ್ಲಿಯ ಕಂಪನಿಯೊಂದು ಇವನು ನಮ್ಮವನು ಎಂದು ಹೊಣೆ ಹೊರಬೇಕು. ಇವತ್ತೊಂದು ಕಡೆ ನಾಳೆಯೊಂದು ಕಡೆ ಗುತ್ತಿಗೆ ಹಿಡಿಯುವವನಿಗೆ ಹೊಣೆಯಾಗುವವರು ಯಾರು? ಮೊದಲೇ ಅಲ್ಲಿ ನೆಲೆಸಿದ್ದವರು, ಆಗ ಅಲ್ಲಿ ಕೆಲಸದಲ್ಲಿದ್ದವರು ಬಚಾವಾದರು. ವರ್ಷದ ಹಿಂದೆಯೇ ಗುತ್ತಿಗೆ ಮುಗಿದಿದ್ದ ಸೋಮೇಶ ಪೋರ್ಚುಗಲ್‌ನಲ್ಲಿ ಕೆಲಸವಿಲ್ಲದೆ ಕೂತ. ಮದುವೆಯ ದಿನ ಮುಂದೂಡುತ್ತಿದ್ದ ಕರ್ನೂಲಿನವರು ಮೆಲ್ಲಗೆ ಜಾರಿಕೊಂಡರು. ಸುದ್ದಿ ಕೇಳಿ ನಾನು ಓಣಿಗೆ ಸಕ್ಕರೆ ಹಂಚಿದೆ, ಸುಳ್ಳೇಕೆ ಹೇಳಲಿ.

ಶ್ರಾವಣದಲ್ಲಿ ವೀರಬಸಮ್ಮ ಅದೇ ಹಸಿರು ಸೀರೆ ಹಿಡಿದು ಬಂದಳು.

"ಆಗಿದ್ದು ಆಗಿ ಹೋತು ಕೊಟ್ರಮ್ಮಕ್ಕಾ. ಹುಡುಗಿ ನಮ್ಮನಿಗೇ ಬರ್ಲಿ."

ಕೊಟ್ರಮ್ಮ ಎಲ್ಲಿ ಕರಗಿಬಿಡುತ್ತಾಳೋ ಎಂದು ನಾನು ಅವರ ಹೊಸ್ತಿಲಿಗೇ ಬಂದು ನಿಂತೆ. ಅವಳು ಚಹಾ ಕೊಟ್ಟು, ಮಗಳ ಕಡೆ ತಿರುಗಿ, "ಏನಂತೀ?" ಎಂದಳು.

ಹೊಲಿಗೆ ಮಿಷನ್ ತುಳಿಯುತ್ತಿದ್ದ ಗಂಗೋತ್ರಿ ತಲೆ ಎತ್ತಲಿಲ್ಲ. "ಟ್ರಂಕ್ ತೆಗೀಲೇನವ್ವಾ?"

ಮನೆಗೆ ಬಂದ ಮುತ್ತೈದೆಯನ್ನು, ಹಗೆಯವಳೇ ಆಗಲಿ, ಬರಿ ಉಡಿಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಕೊಟ್ರಮ್ಮ ವೀರಬಸಮ್ಮನನ್ನು ಚಾಪೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಎಲೆ ಅಡಿಕೆ ಕೊಬ್ಬರಿ ಇಟ್ಟು ಉಡಿ ತುಂಬಿದಳು. ಎಲ್ಲದರ ಮೇಲೆ, ಮಗಳು ಟ್ರಂಕಿನಿಂದ ತಂದುಕೊಟ್ಟ ಆ ಹಸಿರು ಪೀಸು ಇಟ್ಟಳು. ವೀರಬಸಮ್ಮನ ಮುಖ ಕಪ್ಪಿಟ್ಟಿತು. ಉಡಿಗೆ ಬಿದ್ದದ್ದನ್ನು ಎಸೆಯುವಂತಿಲ್ಲ.

"ಈಗ ನಿನ್ನ ಸೀರಿ ಪೂರಾ ಆತು ನೋಡವ್ವ," ಕೊಟ್ರಮ್ಮ ನಕ್ಕಳು. "ನಿನ್ನ ಮಗಗ ಹೊಣೆ ಆಗೋರು ಯಾರರ ಸಿಕ್ಕರ, ಅವರ ಮಗಳಿಗೆ ಉಡಿಸು."